ದುಭಾಷಿಯ ಸ್ವಂತ ಮಾತು

ನನ್ನ ತಾಯಿಯ ತವರು ತೆಲ್ಲಿಸ್ ಮನೆತನ. ಶಂಖಾವತಿಯ ಅರಸರ ಒಡ್ಡೋಲಗದಲ್ಲಿ ನಾಲ್ಕು ತಲೆಮಾರು ದುಭಾಷಿಗಳಾಗಿದ್ದ ಮನೆ ಅದು. ಆ ಮನೆಯವರು ಯಾರ ಹೊಸ್ತಿಲಲ್ಲೂ ಕೈಯೊಡ್ಡಿ ನಿಂತವರಲ್ಲ, ಸುಳ್ಳುಸಾಕ್ಷಿ ನುಡಿದವರಲ್ಲ. ಇಗರ್ಜಿಯಲ್ಲಿ ಅವರು ಮೊಣಕಾಲೂರುತ್ತಿದ್ದುದು ಮೊದಲ ಸಾಲಿನಲ್ಲಿ. ಅರಮನೆಯಲ್ಲಿ ಅವರು ನಿಲ್ಲುತ್ತಿದ್ದುದು ಸಿಂಹಾಸನದಿಂದ ಏಳನೆಯ ಕಂಬದ ಬಳಿ. ಹೆಮ್ಮೆಗಾಗಿ ಹೇಳುತ್ತಿಲ್ಲವೆಂದರೆ ಅದು ಸುಳ್ಳಾದೀತು, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹಿರಿಯ ಮಗನಿಗೆ ಹದಿನೆಂಟು ತುಂಬಿದ ದಿನ ಶಿಲುಬೆಯನ್ನು ಮುಟ್ಟಿ, ಅರಸರ ಎದುರು ಒಂದೇ ಪ್ರಮಾಣ ಮಾಡಬೇಕಿತ್ತು: "ಕೂಡಿಸೆನು, ಕಳೆಯೆನು, ನನ್ನದೊಂದು ಮಾತನ್ನು ಸೇರಿಸೆನು."

ನಾಲ್ಕನೆಯ ತಲೆಮಾರಿನ ಲಾದ್ರು ತೆಲ್ಲಿಸರು ಆ ಪ್ರಮಾಣವನ್ನು ಮುರಿದರು. ಏಕೆ ಮುರಿದರೆಂಬುದೇ ಈ ಕತೆ.

ಅಂದು ಮಾಘದ ಅಮಾವಾಸ್ಯೆ. ಬೆಳಗಿನ ಬಿಸಿಲಿನಲ್ಲಿ ಶಂಖಾವತಿಯ ಕೋಟೆಯ ಕೆಂಪು ಗೋಡೆಗಳು ಹೊಳೆಯುತ್ತಿದ್ದವು. ಅಳಿವೆಯಲ್ಲಿ ಪಟ್ಟೇಮಾರಿಗಳು ಹಾಯಿ ಇಳಿಸಿ ನಿಂತಿದ್ದವು. ಆದರೆ ಮೆಣಸಿನ ಮೂಟೆ ಹೊರುವವರ ಕೂಗಿಲ್ಲ, ಅಂಗಡಿಗಳ ಬಾಗಿಲು ತೆರೆದಿಲ್ಲ. ಅರಸರಾದ ಚೆನ್ನಿಗರಾಯರು ಜ್ವರದಿಂದ ಮಲಗಿ ಹನ್ನೊಂದು ದಿನಗಳಾಗಿದ್ದವು. ಪ್ರಧಾನ ಅಣ್ಣಾಜಯ್ಯನವರ ವೈದ್ಯನ ಹೊರತು ಇನ್ನಾರೂ ಅವರ ಮುಖ ಕಂಡಿರಲಿಲ್ಲ. ಮಲಗಿದ ದಿನ ಅರಸರೇ ಕಳಚಿಕೊಟ್ಟ ಮುದ್ರೆಯುಂಗುರವೂ ಪ್ರಧಾನರ ಬೆರಳಿಗೆ ಬಂದಿತ್ತು. ಆ ಉಂಗುರದ ಬಲದಿಂದ ಹೊರಟ ಮೊದಲ ಆಜ್ಞೆಯೇ ಅರಸರ ಶಯನಗೃಹದ ಪಹರೆಯವರನ್ನು ಹಿಡಿಯಿರೆಂಬುದು. ಪಹರೆಯವರು ಹದಿನೇಳು ಜನ, ಎಲ್ಲರೂ ಕ್ರೈಸ್ತರು. ಅವರು ಬುರುಜಿನಿಂದ ದೀಪ ತೋರಿಸಿ ಪರಂಗಿಯವರ ಹಡಗುಗಳನ್ನು ಕರೆದರೆಂಬುದು ಆರೋಪ. ಅವರ ನಾಯಕ ಲಾದ್ರು ತೆಲ್ಲಿಸರ ಒಬ್ಬನೇ ಮಗ ಸಾಂತಾನ್.

ಕೋಟೆಯ ಕೆಳಗೆ, ಸಮುದ್ರಕ್ಕಿಳಿಯುವ ಬಂಡೆಗಳ ಮೇಲೆ ಹದಿನೇಳು ಗೂಟಗಳನ್ನು ನೆಟ್ಟು ಅವರನ್ನು ಕಟ್ಟಿದ್ದರು. ಮಧ್ಯಾಹ್ನಕ್ಕೆ ಅಮಾವಾಸ್ಯೆಯ ಭರತದ ನೀರು ತುಂಬಿ ಬರುವುದಿತ್ತು. ಎಲ್ಲಕ್ಕಿಂತ ತಗ್ಗಿನ ಗೂಟವನ್ನು ಸಾಂತಾನ್ ತಾನೇ ಕೇಳಿ ಪಡೆದನಂತೆ. "ನಾನು ಎಲ್ಲರಿಗಿಂತ ಎತ್ತರ, ನನಗೆ ಅಲ್ಲಿಯೇ ಸರಿ," ಎಂದನಂತೆ.

ಆದರೆ ವಿಗಾರರ ಮಾತನ್ನು ತುಂಬಿದ ಸಭೆಯಲ್ಲಿ ಕೇಳದೆ ಯಾವ ಕ್ರೈಸ್ತನಿಗೂ ಮರಣದಂಡನೆ ಕೊಡಲಾಗದೆಂದು ಹಳೆಯ ಕೌಲು-ಕರಾರು ಇತ್ತು. ಆದ್ದರಿಂದ ಇಗರ್ಜಿಯ ಮುಖ್ಯಸ್ಥರಾದ ವಿಗಾರ ಜೆರೋನಿಮೊ ಪಾದ್ರಿಗಳನ್ನು ಪ್ರಧಾನರು ಕರೆಸಲೇಬೇಕಾಯಿತು. ಪಾದ್ರಿಗಳು ಗೋವೆಯಿಂದ ಬಂದು ಎರಡೇ ತಿಂಗಳಾಗಿತ್ತು, ಕನ್ನಡ ತಿಳಿಯದು.

ಅರಮನೆಯ ಮೆಟ್ಟಿಲ ಬಳಿ ಲಾದ್ರು ಪಾದ್ರಿಗಳನ್ನು ಪರಂಗಿ ಭಾಷೆಯಲ್ಲಿ ಎಚ್ಚರಿಸಿದರು. "ಸ್ವಾಮೀ, ಪಾದರಕ್ಷೆ ಇಲ್ಲಿಯೇ ಬಿಡಿ. ಟೊಪ್ಪಿಯನ್ನು ಮಾತ್ರ ಏನೇ ಆದರೂ ತೆಗೆಯಬೇಡಿ."

"ಅರಸರ ಮನೆಯಲ್ಲಿ ಟೊಪ್ಪಿ ತೆಗೆಯದಿದ್ದರೆ ಅದು ಅವಮಾನವಲ್ಲವೆ?"

"ನಿಮ್ಮಲ್ಲಿ. ನಮ್ಮಲ್ಲಿ ಅರಸರು ತೀರಿಕೊಂಡ ದಿನ ಮಾತ್ರ ಸಭೆಯಲ್ಲಿ ತಲೆ ಬರಿದಾಗುತ್ತದೆ."

ಪಾದ್ರಿಗಳು ಟೊಪ್ಪಿಯನ್ನು ಹಣೆಯವರೆಗೆ ಎಳೆದುಕೊಂಡು ಒಳಗೆ ನಡೆದರು.

ಸಿಂಹಾಸನ ಬರಿದಾಗಿತ್ತು. ಅದರ ಪಕ್ಕದ ತೆರೆಯ ಹಿಂದೆ ರಾಜಮಾತೆ ಪದುಮಾಂಬೆಯವರು ಕುಳಿತಿದ್ದರು. ಕಂಬಗಳ ಆಚೆ, ಅಂಗಳದಲ್ಲಿ, ಪ್ರಧಾನರ ಅಳಿಯ ಮಲ್ಲರಸ ಇನ್ನೂರು ಕತ್ತಿಗಳೊಡನೆ ನಿಂತಿದ್ದ. ಇಷ್ಟೊಂದು ಸೈನ್ಯವೇಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಬರಬೇಕು ವಿಗಾರರು," ಎಂದರು ಅಣ್ಣಾಜಯ್ಯನವರು. "ಬಿಸಿಲಿನಲ್ಲಿ ಬಹಳ ಬಳಲಿದ್ದೀರಿ. ನಿಮ್ಮ ಮಕ್ಕಳೇ ಪುಣ್ಯವಂತರು, ತಂಪಾದ ನೀರಿನಲ್ಲಿ ನಿಂತಿದ್ದಾರೆ."

ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ಲಾದ್ರು ಆ ಮಾತನ್ನು ಒಂದಕ್ಷರ ಬಿಡದೆ ಪಾದ್ರಿಗಳಿಗೆ ತಲುಪಿಸಿದರು.

"ವಿಚಾರಣೆಗೆ ಮೊದಲೇ ಶಿಕ್ಷೆ ಆರಂಭಿಸುವುದು ಯಾವ ಧರ್ಮ?" ಎಂದು ಪಾದ್ರಿಗಳು ಕೇಳಿದರು.

"ಶಿಕ್ಷೆಯೆಲ್ಲಿ ಆರಂಭವಾಗಿದೆ? ಅವರು ಸುಮ್ಮನೆ ನಿಂತಿದ್ದಾರೆ, ನೀರು ತಾನಾಗಿ ಬರುತ್ತಿದೆ. ಭರತವನ್ನು ಕರೆದವನು ನಾನಲ್ಲ."

"ಪ್ರಧಾನರೇ, ಸಮುದ್ರವನ್ನು ಸೃಷ್ಟಿಸಿದವನು ಅದರ ಲೆಕ್ಕವನ್ನೂ ಕೇಳುತ್ತಾನೆ."

"ಕೇಳಲಿ. ಆಗ ನನಗೂ ಒಬ್ಬ ದುಭಾಷಿ ಬೇಕಾದಾನು. ನಮ್ಮ ಲಾದ್ರುವನ್ನೇ ಕರೆದುಕೊಂಡು ಹೋಗುತ್ತೇನೆ."

ಹೊರಗೆ ಕಾವಲುಗಾರನೊಬ್ಬ ಕೂಗಿದ: "ನೀರು ಸೊಂಟಕ್ಕೆ ಬಂತು!"

ಅಣ್ಣಾಜಯ್ಯನವರು ಧ್ವನಿ ತಗ್ಗಿಸಿದರು. "ನಾನು ಕಟುಕನಲ್ಲ. ವಿಗಾರರು ಈ ಸಭೆಯಲ್ಲಿ ಒಂದು ಮಾತು ಹೇಳಲಿ ಸಾಕು. ಪಹರೆಯವರು ದೀಪ ತೋರಿಸಿದ್ದು ನಿಜ, ನಾನು ಬಲ್ಲೆ, ಎಂದು. ಈ ಗಳಿಗೆಯಲ್ಲಿಯೇ ಹಗ್ಗ ಬಿಚ್ಚಿಸಿ ಅವರನ್ನು ಗಡಿಯಾಚೆ ಕಳುಹಿಸುತ್ತೇನೆ. ಇಗರ್ಜಿಯನ್ನೂ ಮುಟ್ಟುವುದಿಲ್ಲ. ಹೌದು ಎನ್ನಲಿ."

ಲಾದ್ರು ಅದನ್ನೂ ಹೇಳಿ ಮುಗಿಸಿದರು. ಪಾದ್ರಿಗಳು ಕಣ್ಣು ಮುಚ್ಚಿದರು.

"ನಾನು ಕಾಣದ್ದನ್ನು ಕಂಡೆನೆಂದು ಹೇಳಲಾರೆ," ಎಂದರು ಕೊನೆಗೆ. "ಹೇಳಿದರೆ ಅವರು ಬದುಕಿಯಾರು. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ದ್ರೋಹಿಗಳ ಸಂತಾನವೆನಿಸಿಕೊಂಡು ಬದುಕಬೇಕು. ಇಲ್ಲವೆಂದು ಹೇಳು, ಲಾದ್ರು." ಆಮೇಲೆ ಮೆಲ್ಲಗೆ, "ದೇವರು ನನ್ನನ್ನು ಕ್ಷಮಿಸಲಿ. ನೀನೂ," ಎಂದರು.

ಇಡೀ ಸಭೆಯಲ್ಲಿ ಎರಡೂ ಭಾಷೆ ಬಲ್ಲವರು ಲಾದ್ರು ಒಬ್ಬರೇ. 'ಇಲ್ಲ' ಎಂಬುದರ ಬದಲು 'ಹೌದು' ಎಂದುಬಿಟ್ಟರೆ ಪಾದ್ರಿಗಳಿಗೆ ತಿಳಿಯುವಂತಿಲ್ಲ, ಪ್ರಧಾನರು ಮರುಪ್ರಶ್ನೆ ಹಾಕುವವರಲ್ಲ. ಸಾಂತಾನನ ಹಗ್ಗ ಬಿಚ್ಚಿಕೊಳ್ಳುತ್ತದೆ. ತಂದೆಯಾದವನು ಆ ಕ್ಷಣದಲ್ಲಿ ಏನು ಅನುಭವಿಸಿದನೆಂದು ವರ್ಣಿಸುವುದು ನನಗೆ ಸಾಧ್ಯವಿಲ್ಲ, ವರ್ಣಿಸುವುದು ಉಚಿತವೂ ಅಲ್ಲ.

"ವಿಗಾರರು ಹೇಳಲಾರರು," ಎಂದರು ಲಾದ್ರು. "ತಾವು ಕಾಣದ್ದನ್ನು ಕಂಡೆನೆನ್ನಲಾರರು. ಇಲ್ಲ ಎನ್ನುತ್ತಿದ್ದಾರೆ."

"ನಿನ್ನ ಮಗನಲ್ಲವೇ ಅಲ್ಲಿರುವವನು?" ಪ್ರಧಾನರು ಕುತೂಹಲದಿಂದ ಕೇಳಿದರು.

"ಆ ಪ್ರಶ್ನೆ ವಿಗಾರರಿಗೋ, ಸ್ವಾಮೀ? ಅವರಿಗಾದರೆ ತಿಳಿಸುತ್ತೇನೆ."

"ನೀರು ಎದೆಗೆ ಬಂತು!" ಎಂದಿತು ಹೊರಗಿನ ಕೂಗು. ಅದರ ಬೆನ್ನಿಗೇ ಅಳಿವೆಯಾಚೆಯ ಇಗರ್ಜಿಯಿಂದ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಮೂರು ಸಲ ಮೊಳಗಿತು.

ಆ ಗಂಟೆ ಕೇಳಿದೊಡನೆ ಎಲ್ಲಿದ್ದರೂ ತಲೆ ಬರಿದು ಮಾಡಿ ದೇವಮಾತೆಯನ್ನು ಸ್ಮರಿಸುವುದು ಪಾದ್ರಿಗಳಿಗೆ ಬಾಲ್ಯದ ಅಭ್ಯಾಸ. ಎಚ್ಚರಿಕೆಯೆಲ್ಲ ಮರೆತುಹೋಯಿತು. ಕೈ ತಾನಾಗಿ ಮೇಲೆದ್ದು ಟೊಪ್ಪಿಯನ್ನು ಇಳಿಸಿತು. ನರೆತ ಬರಿದಲೆಯೊಂದು ಸಭೆಯ ನಡುವೆ ಬಾಗಿ ನಿಂತಿತು.

ಅಂಗಳದಿಂದ ಮಲ್ಲರಸನಿಗೆ ಜನರ ಪೇಟಗಳ ನಡುವೆ ಕಂಡದ್ದು ಆ ತಲೆಯೊಂದೇ. ಅವನು ತನ್ನ ಪೇಟವನ್ನು ಕಿತ್ತು ನೆಲಕ್ಕೆಸೆದು, ಎದೆ ಬಡಿದುಕೊಂಡು ಕೂಗಿದ: "ಅಯ್ಯೋ, ಪ್ರಭುಗಳು ತೀರಿಕೊಂಡರು! ಅರಮನೆಯ ಬಾಗಿಲು ಮುಚ್ಚಿರಿ!" ಇನ್ನೂರು ಪೇಟಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಅಣ್ಣಾಜಯ್ಯನವರ ಕೈಯೂ ಅಭ್ಯಾಸ ಮಾಡಿಸಿದಂತೆ ತಮ್ಮ ಪೇಟದತ್ತ ಹೋಗಿ, ಅರ್ಧದಲ್ಲಿ ನಿಂತುಬಿಟ್ಟಿತು.

ಆಗ ಏಳನೆಯ ಕಂಬದ ಬಳಿಯಿಂದ ಯಾರ ಅನುವಾದವೂ ಅಲ್ಲದ ಮಾತೊಂದು ಕೇಳಿಸಿತು.

"ಪ್ರಭುಗಳು ತೀರಿಕೊಂಡರೆಂದು ನಿಮಗೆ ಯಾರು ಹೇಳಿದರು?"

ಲಾದ್ರು ಮುಂದುವರಿಸಿದರು. "ವಿಗಾರರು ಗಂಟೆ ಕೇಳಿ ಟೊಪ್ಪಿ ತೆಗೆದರು, ಅಷ್ಟೇ. ಸಾವಿನ ಸುದ್ದಿ ಹೊತ್ತು ಒಳಗಿನಿಂದ ಬರಿದಲೆಯಲ್ಲಿ ಬರಬೇಕಾದವನು ಇನ್ನೂ ಬಂದಿಲ್ಲ. ಯಾರಿಗಾಗಿ ಕಾದಿದ್ದಿರಿ, ಪ್ರಧಾನರೇ?"

"ದುಭಾಷಿಗೆ ಸ್ವಂತ ಮಾತಿಲ್ಲ! ಹಿಡಿಯಿರಿ ಅವನನ್ನು!" ಎಂದು ಅಣ್ಣಾಜಯ್ಯ ಅಬ್ಬರಿಸಿದರು.

ಆದರೆ ತೆರೆ ಸರಿದಿತ್ತು. ರಾಜಮಾತೆಯವರು ಎದ್ದು ನಿಂತಿದ್ದರು. "ನನ್ನ ಮಗನ ಕೋಣೆಯ ಬಾಗಿಲು ಒಡೆಯಿರಿ," ಎಂದರು.

ಬಾಗಿಲು ಒಡೆದಾಗ ವೈದ್ಯನ ಕೈಯಲ್ಲಿ ವಿಷದ ಬಟ್ಟಲಿತ್ತು. ಅರಸರ ತುಟಿಗೆ ಇನ್ನೂ ತಾಗಿರಲಿಲ್ಲ. ಅರಸರು ಬದುಕಿರುವರೆಂದು ತಿಳಿದ ಸೈನಿಕರು ಮಲ್ಲರಸನನ್ನು ತಾವೇ ಹಿಡಿದು ಕೊಟ್ಟರು. ಪ್ರಧಾನರ ಬೆರಳಿನಿಂದ ಉಂಗುರವನ್ನು ಎಳೆದು ತೆಗೆಯಬೇಕಾಯಿತು.

ಲಾದ್ರು ಇದಾವುದನ್ನೂ ನೋಡಲಿಲ್ಲ. ಅವರು ಕೋಟೆಯ ಮೆಟ್ಟಿಲುಗಳನ್ನು ಇಳಿದು ಓಡುತ್ತಿದ್ದರು. ಹಿಂದೆ ಬರಿದಲೆಯ ಪಾದ್ರಿಗಳು ಬರಿಗಾಲಲ್ಲಿ ಓಡುತ್ತಿದ್ದರು. ಹದಿನಾಲ್ಕು ಜನರ ಹಗ್ಗ ಕೊಯ್ದು ಮೇಲೆಳೆದರು. ತಗ್ಗಿನ ಮೂರು ಗೂಟಗಳು ಕಾಣುತ್ತಿರಲಿಲ್ಲ. ಅಲ್ಲಿ ನೀರು ಸಮತಟ್ಟಾಗಿತ್ತು.

ಹದಿನೈದನೆಯ ದಿನ ಅರಸರು ಒಡ್ಡೋಲಗ ಕೊಟ್ಟರು. ಲಾದ್ರು ತೆಲ್ಲಿಸರ ಸ್ವಾಮಿನಿಷ್ಠೆಯನ್ನು ಹೊಗಳಿ, ಹೊಳೆಯ ದಡದ ಉಂಬಳಿ, ಪಲ್ಲಕ್ಕಿ, ಚಿನ್ನದ ಕಡಗ ಕೊಡುವುದಾಗಿ ಘೋಷಿಸಿದರು. ಲಾದ್ರು ಕದಲಲಿಲ್ಲ.

"ತೆಗೆದುಕೋ, ಮಗನೇ," ಎಂದು ಪಾದ್ರಿಗಳು ಪಿಸುಗುಟ್ಟಿದರು. "ಅರಸರ ದಯೆ ಇಗರ್ಜಿಗೂ ಬೇಕು."

"ವಿಗಾರರು ಏನೆನ್ನುತ್ತಾರೆ?" ಎಂದು ಅರಸರು ಕೇಳಿದರು.

"ತೆಗೆದುಕೊಳ್ಳೆನ್ನುತ್ತಾರೆ, ಮಹಾಸ್ವಾಮಿ. ನಾನು ತೆಗೆದುಕೊಳ್ಳುವುದಿಲ್ಲ. ಹದಿನೇಳು ಜನರನ್ನು ದ್ರೋಹಿಗಳೆಂದು ಕರೆದ ಆಜ್ಞೆಗೆ ತಮ್ಮ ಮುದ್ರೆಯಿದೆ."

"ನಾವು ಜ್ವರದಲ್ಲಿದ್ದೆವು, ಲಾದ್ರು."

"ಉಂಗುರ ಮಾತ್ರ ತಮ್ಮ ಕೈಯಿಂದಲೇ ಹೋಯಿತು."

ಅರಸರು ಕೇಳಿದರು: "ಇದು ಯಾರ ಮಾತು?"

"ನನ್ನದು. ಆ ಬಂಡೆಯ ಬಳಿಗೆ ಬರಬೇಕು. ಅಲ್ಲಿ ಮೂವರು ತಾಯಂದಿರು ನಿಂತಿರುತ್ತಾರೆ. ಪೇಟ ತೆಗೆದು, ಅವರ ಮುಂದೆ, ತಮ್ಮ ಬಾಯಿಂದಲೇ, ಪ್ರಭುಗಳು ಕ್ಷಮೆ ಕೇಳಬೇಕು."