ಹತ್ತು ಅಕ್ಷರದ ಮುದ್ರೆ

"ನೀನೇ ತಾನೆ ಬರೆದಿದ್ದು? ಒಪ್ಕೋ!"

ಶಾಲೆಯ ಬಾಗಿಲಲ್ಲಿ, ಶೂ ಕಪಾಟಿನ ಮುಂದೆ ವಕಾಬಾ ತನ್ನ ತರಗತಿಯ ಮಿತ್ಸುಕಿಯನ್ನು ಅಡ್ಡಗಟ್ಟಿದಳು.

"ಏನು ಬರೆದಿದ್ದು? ನನ್ನ ಹತ್ರ ಫೋನೇ ಇಲ್ಲ!"

"ಸುಳ್ಳು ಕಣೆ ವಕಾಬಾ," ಎಂದು ಫುಮಿನೊ ಗೆಳತಿಯ ತೋಳು ಹಿಡಿದಳು. "ಅವಳಕ್ಕನ ಫೋನ್ ಇದೆಯಲ್ಲ. ಇವಳದೇ ಕೆಲಸ."

ಆರನೇ ಕ್ಲಾಸಿನ ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಗುಟ್ಟಿನ ಸೈಟ್ ಇತ್ತು. ಮೇಷ್ಟ್ರಿಗೆ ಅದರ ಸುಳಿವೇ ಇರಲಿಲ್ಲ. ಯಾರೂ ಸ್ವಂತ ಹೆಸರು ಹಾಕುತ್ತಿರಲಿಲ್ಲ. ಅಲ್ಲಿ ಒಬ್ಬರು ಹದಿನೈದು ದಿನದಿಂದ ವಕಾಬಾಳ ಬೆನ್ನು ಬಿದ್ದಿದ್ದರು. 'ವಕಾಬಾ ಬಂದ್ಲು, ಕಿಟಕಿ ತೆಗೀರಿ. ಅವಳಮ್ಮ ಸ್ನಾನ ಮಾಡೋದೇ ಮೀನಿನ ನೀರಲ್ಲಿ!' ಅಮ್ಮ ಬಂದರಿನ ಮೀನಿನ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಳು, ಅಷ್ಟಕ್ಕೇ ಇಷ್ಟು! ಬರೆದವರ ಹೆಸರಿನ ಜಾಗದಲ್ಲಿ ಒಂದು ಕಪ್ಪು ಚೌಕ, ಪಕ್ಕದಲ್ಲಿ ಅರ್ಥವಿಲ್ಲದ ಹತ್ತು ಅಕ್ಷರ. ವಕಾಬಾಗೆ ಅದು ಬಾಯಿಪಾಠವಾಗಿತ್ತು.

ಆ ದಿನ ಸಿಟ್ಟು ತಡೆಯಲಾರದೆ ಅವಳು ಮಿತ್ಸುಕಿಯ ಚಪ್ಪಲಿಗಳನ್ನು, ಶಾಲೆಯೊಳಗೆ ಹಾಕಿಕೊಳ್ಳುವ ಬಿಳಿ ಚಪ್ಪಲಿಗಳನ್ನು, ನೆಲ ಒರೆಸುವ ಬಕೆಟ್ಟಿಗೆ ತುರುಕಿದಳು. ಹೊರಗಿನ ಶೂ ಒಳಗೆ ಹಾಕುವಂತಿರಲಿಲ್ಲ; ಮಿತ್ಸುಕಿ ದಿನವಿಡೀ ಬರೀ ಕಾಲುಚೀಲದಲ್ಲಿ ಓಡಾಡಿದಳು. ಫುಮಿನೊ ಬಾಯಿ ಮುಚ್ಚಿಕೊಂಡು ನಕ್ಕಳು.

ಸಂಜೆ ವಕಾಬಾ ಅಣ್ಣ ತೊಷಿಕಿಯನ್ನು ಕೇಳಿದಳು, "ಆ ಹತ್ತು ಅಕ್ಷರ ಏನಣ್ಣ?"

"ಮುದ್ರೆ. ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ಆದ್ರೆ ನಿನ್ನದೇ ಒಂದು ಗುಟ್ಟಿನ ಪದ ಕೊಟ್ರೆ ಸೈಟ್ ಅದನ್ನ ಅರೆದು ಮುದ್ರೆ ಮಾಡತ್ತೆ. ಅಮ್ಮ ಫ್ಯಾಕ್ಟರೀಲಿ ಮೀನು ಅರೀತಾಳಲ್ಲ, ಹಾಗೆ. ಅರೆದದ್ದು ಮತ್ತೆ ಮೀನಾಗತ್ತಾ? ಇಲ್ಲ. ಮುದ್ರೆ ನೋಡಿ ಪದ ಹೇಳೋಕಾಗಲ್ಲ. ಅದೇ ಪದ ಕೊಟ್ರೆ ಮಾತ್ರ ಅದೇ ಮುದ್ರೆ ಬರತ್ತೆ."

ಹಾಗಾದರೆ ನಾನೂ ನನ್ನ ಮುದ್ರೆ ಹಾಕಿ ನೇರವಾಗಿಯೇ ಬರೆಯುತ್ತೇನೆ ಎಂದುಕೊಂಡಳು ವಕಾಬಾ.

ಗುಟ್ಟಿನ ಪದ ಯಾವುದು? ಅವಳಿಗಿದ್ದದ್ದು ಒಂದೇ ಗುಟ್ಟು. ಸೇತುವೆಯ ಕೆಳಗೆ ಒಂದು ಬೀದಿ ಬೆಕ್ಕಿತ್ತು, ಬಂಗುಡೆ ಮೀನಿನಂತೆ ಬೆನ್ನ ತುಂಬಾ ಪಟ್ಟೆ. ಅದಕ್ಕೆ 'ಸಬಾತಾರೊ' ಎಂದು ಹೆಸರಿಟ್ಟವರು ಅವಳು ಮತ್ತು ಫುಮಿನೊ. ಯಾರಿಗೂ ಹೇಳಬಾರದೆಂದು ಇಬ್ಬರೂ ಕಿರುಬೆರಳು ಕೊಕ್ಕೆ ಹಾಕಿ ಆಣೆ ಮಾಡಿದ್ದರು.

ಆ ಪದ ಕೊಟ್ಟಳು. 'ನಾನು ವಕಾಬಾ. ನಮ್ಮಮ್ಮನ ಬಗ್ಗೆ ಬರೆಯೋದು ನಿಲ್ಲಿಸಿ' ಎಂದು ಬರೆದು ಗುಂಡಿ ಒತ್ತಿದಳು.

ಅವಳ ಸಾಲು ಬಂತು. ಪಕ್ಕದಲ್ಲಿ ಕಪ್ಪು ಚೌಕ, ಹತ್ತು ಅಕ್ಷರ.

ಬಾಯಿಪಾಠವಾಗಿದ್ದ ಅದೇ ಹತ್ತು ಅಕ್ಷರ.

ಅಯ್ಯೋ! ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮೂರು ಸಲ ಓದಿದಳು. ಅಮ್ಮ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು.

ಬೆಳಿಗ್ಗೆ ಸೇತುವೆಯ ಹತ್ತಿರ ಫುಮಿನೊ ಎಂದಿನಂತೆ ನಿಂತಿದ್ದಳು. ಆದರೆ ಇವತ್ತು ಕೈ ಬೀಸಲಿಲ್ಲ.

"ಸೈಟ್ ನೋಡಿದ್ಯಾ?" ವಕಾಬಾ ಕೇಳಿದಳು.

ಫುಮಿನೊ ಶೂ ತುದಿಯಿಂದ ಒಂದು ಕಲ್ಲನ್ನು ಒದ್ದಳು. "ಬೇರೆ ಏನು ಬರೆದ್ರೂ ಯಾರೂ ಓದ್ತಿರ್ಲಿಲ್ಲ ಕಣೆ," ಎಂದಳು. "ನಿನ್ ಬಗ್ಗೆ ಬರೆದ್ರೆ ಎಲ್ರೂ ನಗ್ತಿದ್ರು."

ಸಬಾತಾರೊ ಓಡಿ ಬಂದು ಇಬ್ಬರ ಕಾಲಿಗೂ ಮೈ ಉಜ್ಜಿತು. ಅಮ್ಮ ಕೊಟ್ಟಿದ್ದ ಮೀನಿನ ತುಂಡುಗಳನ್ನು ವಕಾಬಾ ಅದರ ಮುಂದಿಟ್ಟಳು. ಆಮೇಲೆ ಒಬ್ಬಳೇ ಶಾಲೆಗೆ ನಡೆದಳು.

ಬಕೆಟ್ಟಿನಲ್ಲಿ ಚಪ್ಪಲಿಗಳು ಹಾಗೇ ಇದ್ದವು. ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಬೂದು ಕಲೆ ಹೋಗಲಿಲ್ಲ. ಹಿಂತಿರುಗಿ ನೋಡಿದರೆ ಮಿತ್ಸುಕಿ ನಿಂತಿದ್ದಳು, ಕಾಲುಚೀಲದಲ್ಲಿ.

ವಕಾಬಾ ಎರಡೂ ಕೈಯಲ್ಲಿ ಚಪ್ಪಲಿ ಹಿಡಿದು ಚಾಚಿದಳು.

ಮಿತ್ಸುಕಿ ಒದ್ದೆ ಚಪ್ಪಲಿಗೇ ಕಾಲು ತೂರಿಸಿ ಹೊರಟುಹೋದಳು. ಪಚಕ್ ಪಚಕ್ ಸದ್ದು ತರಗತಿಯ ಬಾಗಿಲವರೆಗೂ ಕೇಳಿಸಿತು. ಅದು ನಿಲ್ಲುವವರೆಗೂ ವಕಾಬಾ ನಲ್ಲಿಯ ಹತ್ತಿರವೇ ನಿಂತಿದ್ದಳು.