ಹಿಂಬಾಗಿಲ ಬೀಗ

ಎಸ್‌ಐ ವಿಜೇತಾ ಕಾಪು ಠಾಣೆಯ ಹಿಂದೆ ಬಸಳೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದಳು. ಹೆಡ್ ಕಾನ್‌ಸ್ಟೆಬಲ್ ಭುಜಂಗ ಬಂದ.

"ಮೇಡಂ, ಇನ್ನಂಜೆಯ ಗೇರುಬೀಜ ಕಾರ್ಖಾನೆಯ ಧಣಿ ಬಂದಿದ್ದಾರೆ. ಬೀಗದ ಕಳವಂತೆ."

"ಬೀಗ ಒಡೆದು ಎಂತ ಕದ್ದದ್ದು?"

"ಬೀಗವನ್ನೇ ಮಾರಾಯ್ರೆ!"

ಧಣಿ ಕರುಣಾಕರ ದೂರು ಕೊಟ್ಟ. ಹಿಂಬಾಗಿಲಿಗೆ ಹೊರಗಿನಿಂದ ಹಾಕಿದ ಬೀಗ ಮತ್ತೆ ಮತ್ತೆ ಮಾಯವಾಗುತ್ತಿತ್ತು. ಅವನಿಗೆ ಅನುಮಾನ ಅಪೊಲೋನಿಯಾ ಎಂಬ ಹಳೆಯ ಕೆಲಸದವಳ ಮೇಲೆ. ಬಾಗಿಲು ತೆರೆದಿಡಿ ಎಂದು ಜಗಳಾಡುವವಳು ಅವಳೇ. ಅವಳನ್ನು ಕೆಲಸದಿಂದ ನಿಲ್ಲಿಸಿಯಾಗಿತ್ತು. ಸೋಮವಾರದೊಳಗೆ ಬೇರೆ ಕಳ್ಳ ಸಿಗದಿದ್ದರೆ ಅವಳ ಜಾಗ ಇನ್ನೊಬ್ಬರಿಗೆ.

ಅತಿಕ್ರಮ ಪ್ರವೇಶ, ಕಳವು ಎಂದು ಎಫ್‌ಐಆರ್ ಆಯಿತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಒಳಗೆ ಹೆಂಗಸರು ಸಾಲಾಗಿ ಕುಳಿತು ಸಿಪ್ಪೆ ಸುಲಿಯುತ್ತಿದ್ದರು. ಮುಂದಿನ ಬಾಗಿಲ ಪಕ್ಕದಲ್ಲೇ ಬಾಯ್ಲರ್ ಉರಿಯುತ್ತಿತ್ತು. ಆಫೀಸಿನ ಗೋಡೆಯಲ್ಲಿ ಸುರಕ್ಷತಾ ಪ್ರಮಾಣಪತ್ರ, ಗಾಜು ಹಾಕಿಸಿದ್ದು.

"ಬೀಗ ಹೋಗುವುದು ಯಾವಾಗ?" ವಿಜೇತಾ ಕರುಣಾಕರನನ್ನು ಕೇಳಿದಳು.

"ಹಗಲು, ಕೆಲಸ ನಡೆಯುವಾಗ. ರಾತ್ರಿ ಒಮ್ಮೆಯೂ ಹೋಗಿಲ್ಲ."

"ಬೀಜ ಹೋಗಿದೆಯಾ?"

"ಒಂದೂ ಇಲ್ಲ."

"ಹಗಲು ಬೀಗ ಯಾಕೆ?"

"ಮತ್ತೆ? ಇವರು ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಹೋದರೆ?"

ಅಪೊಲೋನಿಯಾ ಮನೆಯ ಅಂಗಳದಲ್ಲಿ ಸಿಕ್ಕಿದಳು.

"ಬಾಯಮ್ಮ, ನೀವು ತೆಗೆದದ್ದಾ?"

"ಕದಿಯುವುದಾದರೆ ಬೀಜ ಕದಿಯುತ್ತಿದ್ದೆ ಮೇಡಂ. ಬೀಗವನ್ನು ಎಂತ, ಬೇಯಿಸಿ ತಿನ್ನುವುದಾ?"

ಜೀಪಿನಲ್ಲಿ ವಿಜೇತಾ ಅದನ್ನೇ ಮೆಲುಕು ಹಾಕಿದಳು. ಕಳ್ಳನಿಗೆ ಜನ ಇಲ್ಲದ ಹೊತ್ತು ಬೇಕು. ಇವನಿಗೆ ಒಳಗೆ ಜನ ಇರುವ ಹೊತ್ತೇ ಬೇಕು. ಇವನು ಒಳಗೆ ಬರಲು ಬೀಗ ತೆಗೆಯುವವನಲ್ಲ, ಬೆಂಕಿ ಬಿದ್ದರೆ ಒಳಗಿನವರು ಹೊರಗೆ ಬರಲೆಂದು ತೆಗೆಯುವವನು.

ಹೊಸ ಬೀಗ ಹಾಕಿಸಿದರು. ಶನಿವಾರ ಬೆಳಿಗ್ಗೆ ಗೇರುಸಿಪ್ಪೆಯ ರಾಶಿಯ ಹಿಂದೆ ಭುಜಂಗ ಕುಳಿತ. ಹತ್ತೂವರೆಗೆ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಗಿಡ್ಡ ಗೋಡೆ ಹತ್ತಿ ಇಳಿದು, ಚೀಲದಿಂದ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿ ತೆಗೆದರು. ಭುಜಂಗ ಕೈ ಹಿಡಿದ.

"ಸ್ವಲ್ಪ ತಾಳಿ," ಎಂದರು ಅವರು, "ಇದೊಂದು ಕತ್ತರಿಸಿ ಬರುತ್ತೇನೆ."

ಠಾಣೆಯಲ್ಲಿ ವಿಜೇತಾಳ ಮುಂದೆ ಕೂರಿಸಿದಾಗ ಗೊತ್ತಾಯಿತು, ಅವರು ಪರ್ಕಳದ ಲಿಗೋರಿ. ಕಾರ್ಖಾನೆಗಳ ಸುರಕ್ಷತೆ ಪರಿಶೀಲಿಸುವ ಆಡಿಟರ್. ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿದ್ದದ್ದು ಅವರದೇ ಸಹಿ.

"ನಾನು ಆಡಿಟ್‌ಗೆ ಹೋದ ದಿನ ಹಿಂಬಾಗಿಲು ತೆರೆದಿತ್ತು. ರಂಗೋಲಿ ಕೂಡ ಹಾಕಿದ್ದರು. ಪ್ರಮಾಣಪತ್ರ ಕೊಡಲು ಹೋದಾಗ ನೋಡಿದರೆ ಬೀಗ. ಕೇಳಿದ್ದಕ್ಕೆ, ಆಡಿಟ್ ಮುಗಿಯಿತಲ್ಲ ಅಂದರು."

"ಪ್ರಮಾಣಪತ್ರ ರದ್ದು ಮಾಡಬಹುದಿತ್ತು."

"ಪತ್ರ ಬರೆದು ಮೂರು ತಿಂಗಳಾಯಿತು. ಚೀಲದಲ್ಲೇ ಉಂಟು. ಕಳುಹಿಸಿದರೆ, ಲಿಗೋರಿಗೆ ಟೋಪಿ ಹಾಕಿದರು ಎಂದು ಕಾರ್ಕಳದಿಂದ ಮಣಿಪಾಲದವರೆಗೆ ನಗುತ್ತಾರೆ. ಮತ್ತೆ ನನ್ನನ್ನು ಯಾರು ಕರೆಯುತ್ತಾರೆ?"

"ಗೋಡೆ ಹಾರಲು ನಾಚಿಕೆ ಆಗಲಿಲ್ವಾ?"

"ಅದನ್ನು ಯಾರೂ ನೋಡುವುದಿಲ್ಲವಲ್ಲ ಮೇಡಂ."

ಭುಜಂಗ ನಗು ತಡೆಯಲಾರದೆ ಹೊರಗೆ ಹೋದ. ಬಂಧನದ ಕಾಗದಪತ್ರ ಮುಗಿದು, ಠಾಣೆಯಲ್ಲೇ ಜಾಮೀನಾಯಿತು. ಸೋಮವಾರ ಅಪೊಲೋನಿಯಾ ಬರಲಿ ಎಂದು ಕರುಣಾಕರ ಗೊಣಗುತ್ತಲೇ ಒಪ್ಪಿದ.

ವಿಜೇತಾ ಲಿಗೋರಿಯವರನ್ನು ಬಾಗಿಲಲ್ಲಿ ನಿಲ್ಲಿಸಿದಳು. "ಇನ್ನು ನೀವು ಕತ್ತರಿಸಲು ಬರುವ ಹಾಗಿಲ್ಲ. ಅಪೊಲೋನಿಯಾ ಬಾಯಮ್ಮ ಸೋಮವಾರ ಕೂರುವುದು ಬೀಗ ಹಾಕಿದ ಬಾಗಿಲ ಪಕ್ಕದಲ್ಲೇ."

ಲಿಗೋರಿ ಚೀಲದಿಂದ ಆ ಪತ್ರದ ಲಕೋಟೆ ತೆಗೆದರು. ಆಮೇಲೆ ಕೇಳಿದರು, "ಅಂಚೆ ಕಚೇರಿ ಎಷ್ಟು ಗಂಟೆಯವರೆಗೆ?"

ಭುಜಂಗನೂ ಜೊತೆಗೆ ಹೋದ. ಅಂಚೆಯವಳು ಲಕೋಟೆ ತೂಗಿ, ಹಣ ತೆಗೆದುಕೊಂಡು, ಚೀಟಿ ಅಂಟಿಸಿದಳು. ಲಿಗೋರಿಯವರ ಎರಡು ಬೆರಳು ಇನ್ನೂ ಲಕೋಟೆಯ ತುದಿಯಲ್ಲೇ ಇದ್ದವು.

"ಬಿಡಿ ಲಿಗೋರಿ ಪೊರ್ಬುಗಳೇ," ಎಂದ ಭುಜಂಗ ಮೆಲ್ಲಗೆ, "ಅವರು ಎಳೆಯುತ್ತಿದ್ದಾರೆ."

ಲಿಗೋರಿ ಬಿಟ್ಟರು.