ಎಂಜಿನ್ ಬಿಚ್ಚಬೇಕಾಗಿದ್ದ ಸೋಮವಾರ

ದಿನಾಂಕ 11, ಸೋಮವಾರ ಬೆಳಿಗ್ಗೆ 9.40ಕ್ಕೆ ಲಾಡ್ಜ್ ಮಾಲೀಕರು ಏದುಸಿರು ಬಿಡುತ್ತ ಠಾಣೆಗೆ ಬಂದರು. ಗೋದಾಮಿನಲ್ಲಿದ್ದ ಹಳೆಯ ತೋಟದ ಟ್ರ್ಯಾಕ್ಟರ್ ಕಳುವಾಗಿದೆ ಎಂಬುದು ಅವರ ದೂರು. ಮಂಚದಷ್ಟು ಉದ್ದ, ಸೊಂಟದಷ್ಟು ಎತ್ತರ, ಗಿಡದ ಸಾಲುಗಳ ನಡುವೆ ಓಡಾಡುವ ಒಂಟಿ ಸೀಟಿನ ಯಂತ್ರ. ಅರವತ್ತು ವರ್ಷ ಹಳೆಯದು. ಹಿಂದಿನ ತಿಂಗಳು ಒಂದು ನರ್ಸರಿಯಿಂದ ಕೊಂಡು ತಂದು, ಬಣ್ಣ ಬಳಿಸದೆ, ತುಕ್ಕನ್ನಷ್ಟೇ ಎಣ್ಣೆಬಟ್ಟೆಯಿಂದ ತಾವೇ ಒರೆಸಿ ಜೋಪಾನ ಮಾಡಿದ್ದರು. ಲಾಡ್ಜಿನ ಮೊದಲ ಮಹಡಿಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡುವ ಆಸೆ. ಮಹಡಿ ಭಾರ ತಡೆಯದೆಂದು ಎಂಜಿನ್ ಬಿಚ್ಚಲು ಆ ದಿನ ಮೆಕ್ಯಾನಿಕ್‌ನನ್ನು ಕರೆಸಿದ್ದರು. ಬಾಗಿಲು ತೆಗೆದರೆ ಗೋದಾಮು ಬರಿದು.

"ಗುಜರಿಯವರ ಕೈಗೆ ಸಿಕ್ಕಿದ್ರೆ ಒಂದೇ ದಿನಕ್ಕೆ ತುಂಡು ಮಾಡ್ತಾರೆ ಸಾರ್" ಎಂದರು.

FIR ದಾಖಲಾಯಿತು. ಇನ್‌ಸ್ಪೆಕ್ಟರ್ ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಹೊರಟಳು. ಠಾಣೆಯಲ್ಲಿ ಅವಳನ್ನು ಎಲ್ಲರೂ 'ಮೌನಿ' ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುತ್ತಾಳೆ ಎಂಬುದು ಹೆಡ್ ಕಾನ್‌ಸ್ಟೆಬಲ್ಲನ ಹಳೆಯ ತಮಾಷೆ.

ಪಂಚನಾಮೆ 11 ಗಂಟೆಗೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಚಿಲಕದ ಸ್ಕ್ರೂಗಳನ್ನು ಬಿಚ್ಚಿ ಕಿಟಕಿಯ ಅಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ಭಾನುವಾರ ಮಧ್ಯಾಹ್ನ ಕರೆಂಟ್ ಹೋಗಿ ಗೋದಾಮಿನ ಪಕ್ಕದ ಜನರೇಟರ್ ಕಿವುಡಾಗುವಂತೆ ಓಡುತ್ತಿತ್ತು; ಹಾಗಾಗಿ ಯಾರಿಗೂ ಬೇರೆ ಸದ್ದು ಕೇಳಿರಲಿಲ್ಲ. ಗೋದಾಮಿನ ಹಿಂದಿನ ದಾರಿಯಲ್ಲಿ ಆ ಹೊತ್ತಿಗೆ ಜನವೂ ಇರಲಿಲ್ಲ. ಟ್ರ್ಯಾಕ್ಟರಿನ ಟ್ಯಾಂಕ್ ಖಾಲಿ ಇತ್ತು. ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡಬೇಕಾದ ಎಂಜಿನ್ ಅದು. ಟ್ರ್ಯಾಕ್ಟರ್ ಮಾರಿದವರು ಆ ಹಗ್ಗವನ್ನು ಕೊಟ್ಟೇ ಇರಲಿಲ್ಲ. ಕಳ್ಳ ಪೆಟ್ರೋಲನ್ನೂ ಹಗ್ಗವನ್ನೂ ಜೊತೆಗೇ ತಂದಿದ್ದ.

ಮೌನಿ ನೆಲ ನೋಡುತ್ತಿದ್ದಳು. ಧೂಳಿನ ನಡುವೆ ನಾಲ್ಕು ಕಡೆ ಚೌಕಾಕಾರದ ಶುಭ್ರ ಗುರುತು. ಟಯರಿನ ಮೇಲೆ ಭಾರ ಬೀಳದಿರಲೆಂದು ಟ್ರ್ಯಾಕ್ಟರಿನಡಿ ಮರದ ತುಂಡು ಕೊಟ್ಟಿದ್ದೆವು ಎಂದರು ಮಾಲೀಕರು. ಈಗ ಅವೂ ಇರಲಿಲ್ಲ.

"ಸಾರ್, ಗುಜರಿಗೆ ಹಾಕೋರಿಗೆ ಮರದ ತುಂಡು ಯಾಕೆ?"

ಇನ್‌ಸ್ಪೆಕ್ಟರ್ ತಿರುಗಿ ನೋಡಿದರು. "ಇಟ್ಕೊಂಡು ಸಾಕೋರೇ ಒಯ್ದಿದಾರೆ ಅಂತೀಯಾ?"

ಅವಳು ತಲೆಯಾಡಿಸಿದಳು. ಅಂದಿನ ಮಾತಿನ ಕೋಟಾ ಮುಗಿದಿತ್ತು.

ಆದರೂ ಹೆಡ್ ಕಾನ್‌ಸ್ಟೆಬಲ್ ಎರಡು ದಿನ ಗುಜರಿ ಅಂಗಡಿಗಳನ್ನು ಜಾಲಾಡಿದ. ಅಂಗಿಗೆ ತುಕ್ಕು ಮೆತ್ತಿದ್ದಷ್ಟೇ ಲಾಭ. ಬುಧವಾರ ಇನ್‌ಸ್ಪೆಕ್ಟರ್ ಮತ್ತು ಮೌನಿ ನರ್ಸರಿಗೆ ಹೋದರು. ನರ್ಸರಿಯವನು ಕುರ್ಚಿ ಹಾಕಿಸಿದ. ಆಚೆ ಅವನ ಹೆಂಡತಿ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು.

"ಅದನ್ನ ಓಡಿಸ್ತಾ ಇದ್ದೋರು ಯಾರು?"

"ಅಪ್ಪ. ಅವರು ಹೋಗಿ ವರ್ಷವಾಯ್ತು. ಆಮೇಲೆ ಯಾರೂ ಮುಟ್ಟಿಲ್ಲ."

"ನಿಮಗೆ ಸ್ಟಾರ್ಟ್ ಮಾಡೋಕೆ ಬರುತ್ತಾ?"

"ನನಗಾ? ಎಂಜಿನ್ ಹಗ್ಗಾನ ಹಿಂದಕ್ಕೆ ಎಳ್ಕೊಂಡ್ರೆ ಕೈಯೇ ಕಿತ್ತುಬರುತ್ತೆ. ಪೀಡೆ ತೊಲಗಿದ್ರೆ ಸಾಕಾಗಿತ್ತು ಸಾರ್."

ಮಣ್ಣು ತುಂಬುತ್ತಿದ್ದ ಕೈ ಒಂದು ಕ್ಷಣ ನಿಂತು, ಮತ್ತೆ ಮೊದಲಿಗಿಂತ ವೇಗವಾಗಿ ಆಡತೊಡಗಿದ್ದನ್ನು ಮೌನಿ ಮಾತ್ರ ಕಂಡಳು.

ಅಲ್ಲಿಂದ ಅವಳು ನೇರ ಮೆಕ್ಯಾನಿಕ್ ಹತ್ತಿರ ಹೋದಳು. ಖರೀದಿಯ ದಿನ ಎಂಜಿನ್ ಪರೀಕ್ಷಿಸಿದ್ದವನೂ ಅವನೇ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು, ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಆ ಪ್ರಾಯದ ಎಂಜಿನ್ ಹಾಗಿರುವುದಿಲ್ಲ ಎಂದ. ಮರದ ತುಂಡುಗಳನ್ನು ಕೊಟ್ಟವರು ಯಾರೆಂದು ಮಾಲೀಕರನ್ನು ಫೋನಿನಲ್ಲಿ ಕೇಳಿದಳು. ಆ ಮನೆಯ ಹೆಂಗಸು ತಾನೇ ಹೊತ್ತು ತಂದು ಲಾರಿಗೆ ಹಾಕಿದಳು, ಹೇಗೆ ಇಡಬೇಕೆಂದು ಮೂರು ಸಲ ಹೇಳಿದಳು ಎಂದರು ಅವರು.

ಇವತ್ತೇ ಹಿಡಿದು ಕೇಳೋಣವೇ ಎಂದರು ಇನ್‌ಸ್ಪೆಕ್ಟರ್.

"ಕೇಳಿದ್ರೆ ಇಲ್ಲ ಅಂತಾರೆ ಸಾರ್. ಭಾನುವಾರದ ತನಕ ಬಿಡಿ. ವಾರಕ್ಕೊಂದ್ಸಲ ಓಡಿಸದೆ ಅವರಿಗೆ ಇರೋಕಾಗಲ್ಲ."

ನಾಲ್ಕು ದಿನ ಅವಳು ಮಫ್ತಿಯಲ್ಲಿ ನರ್ಸರಿಯ ಎದುರಿನ ಹೊಲಿಗೆ ಅಂಗಡಿಯಲ್ಲಿ ಕೂತಳು. ದರ್ಜಿ ಬೇಸರಪಟ್ಟು ಅವಳ ಕೈಗೆ ಗುಂಡಿ ಹೊಲಿಯುವ ಕೆಲಸ ಕೊಟ್ಟ. ಹೊಲಿದಳು, ಕಣ್ಣು ಮಾತ್ರ ಎದುರು ಗೇಟಿನಿಂದ ಕೀಳಲಿಲ್ಲ.

ಭಾನುವಾರ 12 ಗಂಟೆಗೆ ನರ್ಸರಿಯವನ ಹೆಂಡತಿ ಕೈಚೀಲ ಹಿಡಿದು ಹೊರಟಳು. ಮುಚ್ಚಿದ ಇಟ್ಟಿಗೆ ಗೂಡಿನ ಹಿಂದಿನ ಓಣಿಗೆ ತಿರುಗಿ, ತಗಡಿನ ಶೆಡ್ ಒಂದರೊಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ನಿನ ಸದ್ದು. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಮೌನಿ ಒಳಗೆ ಕಾಲಿಟ್ಟಳು. ಟ್ರ್ಯಾಕ್ಟರಿನ ಸೀಟಿನ ಮೇಲೆ ಆಕೆ ನೆಟ್ಟಗೆ ಕೂತಿದ್ದಳು. ಗುರುತಿನ ಚೀಟಿ ಕಂಡರೂ ಓಡಲಿಲ್ಲ.

"ಐದು ನಿಮಿಷ ಓಡ್ಲಿ ಮೇಡಂ. ಬಿಸಿ ಆಗೋ ಮೊದಲೇ ನಿಲ್ಲಿಸಿದ್ರೆ ಪ್ಲಗ್ಗಿಗೆ ಮಸಿ ಹಿಡಿಯುತ್ತೆ."

ಮೌನಿ ಬಾಗಿಲಿಗೆ ಅಡ್ಡ ನಿಂತು ಕಾದಳು.

12.50ಕ್ಕೆ ಆಕೆಯ ಬಂಧನವಾಯಿತು, ಗಂಡನಿಗೆ ತಿಳಿಸಲಾಯಿತು. ಜಪ್ತಿಯಾದ ಟ್ರ್ಯಾಕ್ಟರನ್ನು ಸಾಗಿಸುವುದೇ ತಲೆನೋವಾಯಿತು. ಓಣಿಗೆ ಲಾರಿ ನುಗ್ಗದು, ಸಿಬ್ಬಂದಿಯಲ್ಲಿ ಯಾರಿಗೂ ಗೇರ್ ತಿಳಿಯದು. ಹೆಡ್ ಕಾನ್‌ಸ್ಟೆಬಲ್ ಒಮ್ಮೆ ಹತ್ತಿ, ಗೋಡೆಗೆ ಗೇಣು ದೂರದಲ್ಲಿ ನಿಲ್ಲಿಸಿ, ಇಳಿದುಬಿಟ್ಟ.

"ನೀನೇ ಓಡಿಸ್ಕೊಂಡು ಬಾಮ್ಮ" ಎಂದರು ಇನ್‌ಸ್ಪೆಕ್ಟರ್.

ಮುಂದೆ ಜೀಪು. ಹಿಂದೆ ಟ್ರ್ಯಾಕ್ಟರಿನಲ್ಲಿ ಆರೋಪಿ. ನೇಗಿಲು ಸಿಕ್ಕಿಸುವ ಕಬ್ಬಿಣದ ಮೇಲೆ, ಆಕೆಯ ಭುಜ ಹಿಡಿದು ಮೌನಿ. ಬೀದಿಯ ಜನ ಅಂಗಡಿಯಿಂದ ಹೊರಬಂದು ನೋಡಿದರು. ಆಕೆ ಅತ್ತಿತ್ತ ನೋಡದೆ, ಪ್ರತಿ ತಿರುವಿನಲ್ಲೂ ಕೈ ಚಾಚಿ ಸನ್ನೆ ಕೊಡುತ್ತ, ಠಾಣೆಯ ಬೇವಿನ ಮರದ ನೆರಳಲ್ಲಿ ತಂದು ನಿಲ್ಲಿಸಿದಳು.

ಹೇಳಿಕೆಯನ್ನು ಮೌನಿಯೇ ಬರೆದುಕೊಂಡಳು. ಮಾವನ ಕೈ ನಡುಗಲು ಶುರುವಾದಾಗ ಟ್ರ್ಯಾಕ್ಟರ್ ಓಡಿಸುವುದನ್ನು ಸೊಸೆಗೆ ಕಲಿಸಿದ್ದರು. ಊರಿನವರಿಗೆ ಆಕೆ ನರ್ಸರಿಯವನ ಹೆಂಡತಿ; ಮಾವ ಮಾತ್ರ "ಏನ್ರೀ ಡ್ರೈವರೇ" ಎಂದು ಕರೆಯುತ್ತಿದ್ದರು. ಅವರು ಹೋದ ಮೇಲೂ ಭಾನುವಾರ ಗಂಡ ಪೇಟೆಗೆ ಹೋದಾಗಲೆಲ್ಲ ಓಡಿಸಿದಳು. ಮಾರುವಾಗ ಆಕೆಯನ್ನು ಯಾರೂ ಕೇಳಲಿಲ್ಲ. ಒಳ್ಳೆಯವರ ಮನೆ ಸೇರಿತೆಂದು ಸುಮ್ಮನಾದಳು. ಆದರೆ ಎಂಜಿನ್ ಬಿಚ್ಚುವ ಸುದ್ದಿ ಮೆಕ್ಯಾನಿಕ್‌ನಿಂದ ಕಿವಿಗೆ ಬಿತ್ತು. ಲಾಡ್ಜಿಗೆ ಹೋಗಿ ಬೇಡಿಕೊಂಡಳು. ಮಾಲೀಕರು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರಂತೆ: ಎಂಜಿನ್ ಇಲ್ಲದಿದ್ದರೂ ಅದರ ಅಂದವೇನೂ ಕೆಡೋದಿಲ್ಲಮ್ಮ. ದೂರು ಕೊಡುವಾಗ ಆ ಭೇಟಿ ಅವರ ನೆನಪಿಗೇ ಬಂದಿರಲಿಲ್ಲ.

ಹೇಳಿಕೆಯನ್ನು ಓದಿಸಿ ಕೇಳಿಕೊಂಡು, ಪೆನ್ನು ಹಿಡಿದು ಆಕೆ ತಡೆದಳು.

"ಟ್ರ್ಯಾಕ್ಟರ್ ಈಗ ಏನಾಗುತ್ತೆ ಮೇಡಂ?"

"ಕೇಸಿನ ಮುದ್ದೆಮಾಲು. ಕೋರ್ಟ್ ಹೇಳೋ ತನಕ ಇದ್ದ ಹಾಗೇ ಇರಬೇಕು."

"ಯಾರೂ ಏನೂ ಬಿಚ್ಚೋ ಹಾಗಿಲ್ಲ?"

"ಒಂದು ಸ್ಕ್ರೂನೂ ಬಿಚ್ಚೋ ಹಾಗಿಲ್ಲ."

ಆಕೆ ಬಗ್ಗಿ, ಅಕ್ಷರ ಅಕ್ಷರವಾಗಿ ಸಹಿ ಹಾಕಿದಳು.